ಹೆಸರಿಟ್ಟ ಗಂಟುಗಳು

ಮದುವೆಯಾಗಿ ಬಂದ ಹೊಸದರಲ್ಲಿ ಸಿದ್ದಕ್ಕ ಮಾಡಿದ ಮೊದಲ ತಪ್ಪು ಕುರಿ ಎಣಿಸಿದ್ದು.

ಬೀಳಗಿ ತಾಲೂಕಿನ ಹೊಳೆದಂಡೆಯ ಊರು. ಸಂಜೆಯ ಹೊತ್ತು. ಮೇಯಲು ಹೋದ ಹಿಂಡು ಕೆಂಪು ಧೂಳೆಬ್ಬಿಸುತ್ತ ಹಟ್ಟಿಗೆ ಮರಳುತ್ತಿತ್ತು. ಗಂಡ ಕಾಮಣ್ಣ ಕಂಬಳಿ ಹೊದ್ದು ಹಟ್ಟಿಯ ಬಾಯಲ್ಲಿ ನಿಂತು, ನಿದ್ದೆಗಣ್ಣಿನವನಂತೆ ಒಂದೊಂದೇ ಕುರಿಯನ್ನು ನೋಡುತ್ತ ಒಳಗೆ ಬಿಡುತ್ತಿದ್ದ. ಸಿದ್ದಕ್ಕನ ತವರು ರಬಕವಿ ಕಡೆ. ಅವಳಪ್ಪನ ಮನೆಯವರು ಹೊಲ ಹಿಡಿದು ಕುರಿ ಬಿಟ್ಟು ಒಂದು ತಲೆಮಾರಾಗಿತ್ತು. ಗಂಡನಿಗೆ ನೆರವಾಗೋಣವೆಂದು ಅವಳು ಬೆರಳು ಚಾಚಿ, ತವರಿನಲ್ಲಿ ಜೋಳದ ರಾಶಿ ಅಳೆಯುವಾಗ ಎಣಿಸುವ ಹಾಗೆ, "ಲಾಭ, ಎರಡು, ಮೂರು..." ಎಂದು ಶುರುಮಾಡಿದಳು. ನಮ್ಮ ಕಡೆ ಕಾಳು ಅಳೆಯುವವರು ಮೊದಲ ಸೇರಿಗೆ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾರೆ. ಅತ್ತೆ ಇಂದ್ರವ್ವ ಒಲೆಯ ಮುಂದಿನಿಂದ ಎದ್ದು ಓಡಿಬಂದು ಸೊಸೆಯ ಬೆರಳನ್ನು ಹಿಡಿದು ಮಡಿಸಿಬಿಟ್ಟಳು.

"ಲೇ ಹುಡುಗಿ, ಕಾಳು ಎಣಸು, ಕುರಿ ಎಣಸಬ್ಯಾಡ. ಎಣಿಸಿದ ಹಿಂಡು ಇಳೀತೈತಿ."

"ಮತ್ತ ಎಲ್ಲಾ ಬಂದಾವೋ ಇಲ್ಲೋ ಹೆಂಗ ತಿಳೀಬೇಕ್ರಿ ಅತ್ತಿ?"

"ಮಾರಿ ನೋಡಿ ತಿಳೀಬೇಕು."

ಮುಖ ನೋಡಿ ತಿಳಿಯುವುದೆಂದರೆ ಸುಳ್ಳಲ್ಲ. ಕಾಮಣ್ಣನಿಗೆ ಲೆಕ್ಕ ಬರುತ್ತಿರಲಿಲ್ಲ, ಬೇಕಾಗಿಯೂ ಇರಲಿಲ್ಲ. ಹಿಂಡೆಲ್ಲ ಒಳಗೆ ಹೋದ ಮೇಲೆ ಅರೆಗಳಿಗೆ ಸುಮ್ಮನೆ ನಿಂತು, "ಮೋಟಿ ಬಂದಿಲ್ಲ" ಎನ್ನುವನು. ಹೋಗಿ ನೋಡಿದರೆ ಆ ಮೋಟುಕಿವಿಯ ಕುರಿ ಹಳ್ಳದ ಜಾಲಿಮುಳ್ಳಿಗೆ ಉಣ್ಣೆ ಸಿಕ್ಕಿಸಿಕೊಂಡು ಒದರುತ್ತಿರುತ್ತಿತ್ತು. ಕೆಂಬಣ್ಣದ್ದು ಕೆಂಚಿ, ಕಾಡಿಗೆಯಂಥದ್ದು ಕರೆವ್ವ, ಹಣೆಯ ಮೇಲೆ ಬಿಳಿ ಮಚ್ಚೆ ಇದ್ದದ್ದು ಚಂದ್ರಿ. ಚಂದ್ರಿ ಹಿಂಡಿನ ಮುಂದಾಳು. ಅವಳ ಕೊರಳ ಗಂಟೆಯ ಸದ್ದು ಕೇಳಿದರೆ ಉಳಿದವು ಕಣ್ಣುಮುಚ್ಚಿ ಹಿಂದೆ ಬರುತ್ತಿದ್ದವು. ಕಾಮಣ್ಣನೂ ಹಾಗೇ ಬರುತ್ತಿದ್ದ ಎಂದು ಸಿದ್ದಕ್ಕ ಚೇಷ್ಟೆ ಮಾಡುವಳು. ಹಿಂಡಿನ ಮಾತು ಬಂದರೆ ಮನೆಯವರೆಲ್ಲ ಅನ್ನುತ್ತಿದ್ದ ಇನ್ನೊಂದು ಮಾತಿತ್ತು: ಹೆಸರಿಟ್ಟ ಕುರಿ ಕೊಯ್ಯಬಾರದು. ಗಂಡುಮರಿ ಮಾರು, ಉಣ್ಣೆ ಕತ್ತರಿಸು, ಹೊಲದವರು ಕರೆದರೆ ರಾತ್ರಿ ಹಿಂಡು ನಿಲ್ಲಿಸಿ ಗೊಬ್ಬರಕ್ಕೆ ಕಾಳು ತಗೋ. ಹೆಸರಿಟ್ಟ ತಾಯಿಕುರಿಗೆ ಮಾತ್ರ ಕೈಹಚ್ಚಬೇಡ.

ಆಮೇಲೆ ನೀರು ಬಂತು.

ನೀರು ಬರುವ ಮೊದಲು ಅಳೆಯುವವರು ಬಂದರು, ಬರೆದುಕೊಳ್ಳುವವರು ಬಂದರು, ಗೋಡೆಗೆ ಬಣ್ಣದ ನಂಬರು ಹಚ್ಚುವವರು ಬಂದರು. ಆಲಮಟ್ಟಿಯ ಹಿನ್ನೀರು ಇಲ್ಲಿತನಕ ಬರುವುದಂತೆ ಎಂದು ಹೇಳಿದರೆ ಇಂದ್ರವ್ವ ನಕ್ಕಳು. ಹೊಳೆ ಹಿಂದಕ್ಕೆ ಹರಿಯುವುದನ್ನು ಅವಳು ಎಂದೂ ಕಂಡಿರಲಿಲ್ಲ. ಪುಣ್ಯವಂತೆ, ಕಾಣದೆಯೇ ಕಣ್ಣುಮುಚ್ಚಿದಳು. ಮಿಕ್ಕವರು ಗುಡ್ಡದ ಮಗ್ಗುಲಿನ ಹೊಸ ಊರಿಗೆ ಗಂಟುಮೂಟೆ ಹೊತ್ತರು. ಒಂದು ಬೆಳಿಗ್ಗೆ ನೋಡಿದರೆ ಹೊಲವಿದ್ದಲ್ಲಿ ಆಕಾಶ ಮಲಗಿತ್ತು. ಬೇವಿನ ಮರದ ತುದಿಯೊಂದು ನೀರಿನ ಮೇಲೆ ಹಸಿರಾಗಿ ಅಲ್ಲಾಡುತ್ತಿತ್ತು. ಬೀರಪ್ಪನ ಗುಡಿಯ ಶಿಖರದ ಮೇಲೆ ಬೆಳ್ಳಕ್ಕಿಯೊಂದು ಒಂಟಿಗಾಲಲ್ಲಿ ನಿಂತಿತ್ತು.

ಹೊಸ ಊರಿನ ಸುತ್ತ ಬರೀ ಕಬ್ಬು. ಕುರಿಗೆ ಕಬ್ಬಿನ ಸೋಗೆ ಎಂದರೆ ಹಬ್ಬ, ಹೊಲದವರಿಗೆ ಜಗಳ. ಮೇಯಿಸಲು ಗೋಮಾಳವಿಲ್ಲ, ತಿರುಗಲು ದಾರಿಯಿಲ್ಲ. ಒಂದು ವರ್ಷ ಒದ್ದಾಡಿದ ಕಾಮಣ್ಣ ಕೊನೆಗೆ ಹಿಂಡನ್ನು ಮಾರಿದ. ಮಾರಿದ ದಿನ ಲಾರಿಯ ಹಲಗೆ ಹತ್ತಲು ಚಂದ್ರಿ ಒಪ್ಪಲಿಲ್ಲ. ಕಾಮಣ್ಣನೇ ಮುಂದೆ ಹತ್ತಿ ನಿಂತು ಕರೆದ. ಅವನನ್ನು ನಂಬಿ ಹತ್ತಿತು. ಅದನ್ನು ಅವನು ಯಾರಿಗೂ ಹೇಳಲಿಲ್ಲ, ಸಿದ್ದಕ್ಕ ಕಣ್ಣಾರೆ ಕಂಡಿದ್ದಳು. ಅಂದಿನಿಂದ ಗಂಡ ದಿನಾ ಸಂಜೆ ಹಿನ್ನೀರಿನ ದಂಡೆಗೆ ಹೋಗಿ ಕೂಡತೊಡಗಿದ. ಯಾಕೆಂದು ಕೇಳಿದರೆ, "ನೀರಾಗ ಗಂಟಿ ಸಪ್ಪಳ ಕೇಳತೈತಿ" ಎನ್ನುವನು. ಗಂಡ ಕಣ್ಣೆದುರಿಗೇ ಸ್ವಲ್ಪ ಸ್ವಲ್ಪವಾಗಿ ಮುಳುಗುತ್ತಿದ್ದ. ಎಂದಾದರೂ ಅವನ ಮುಂದೆ ಮತ್ತೊಂದು ಹಿಂಡು ತಂದು ನಿಲ್ಲಿಸಬೇಕು ಎಂದು ಅವಳು ಅಂದುಕೊಂಡಳು. ಅದಕ್ಕೆ ಇದ್ದದ್ದು ಒಂದೇ ದಾರಿ, ಪರಿಹಾರದ ರೊಕ್ಕ.

ಪರಿಹಾರ ಚೆಕ್ಕಿನಲ್ಲಿ ಬಂದಿತ್ತು. ಕಾಗದದ ಚೂರನ್ನು ರೊಕ್ಕವೆಂದು ನಂಬಲು ಕಾಮಣ್ಣನ ಮನಸ್ಸು ಒಪ್ಪದೆ, ಬೀಳಗಿಯ ಬ್ಯಾಂಕಿಗೆ ಹೋಗಿ ಪೂರಾ ತೆಗೆಸಿಕೊಂಡು ಕಂಬಳಿಯಲ್ಲಿ ಕಟ್ಟಿ ತಂದ. ಕ್ಯಾಶಿನವನು ನೋಟು ಎಣಿಸುವಾಗ ಇವನು ಮುಖ ತಿರುಗಿಸಿ ಗೋಡೆ ನೋಡುತ್ತ ನಿಂತಿದ್ದನಂತೆ. ಕುರಿ ಮಾರಿದ ರೊಕ್ಕವೂ ಅದರ ಜೊತೆ ಸೇರಿತು. ಎಲ್ಲವೂ ತಗಡಿನ ಟ್ರಂಕಿನೊಳಗೆ ಹೋಯಿತು, ಮೇಲೆ ಬೀರಪ್ಪನ ಭಂಡಾರದ ಅರಿಷಿಣ ಬಿತ್ತು. ಎಷ್ಟಿದೆ ಎಂದು ಯಾರೂ ಎಣಿಸಲಿಲ್ಲ. ಎಣಿಸಿದರೆ ಇಳಿಯುತ್ತದಲ್ಲ!

ಎಣಿಸದಿದ್ದರೂ ಇಳಿಯಿತು. ಕೂತು ಉಂಡರೆ ಕುಡಿಕೆ ಹೊನ್ನೂ ಸಾಲದು ಎಂಬ ಗಾದೆ ಕಾಮಣ್ಣನಿಗೂ ಗೊತ್ತಿತ್ತು, ಆದರೆ ಗಾದೆ ಟ್ರಂಕಿಗೆ ಬೀಗ ಹಾಕುವುದಿಲ್ಲ. ಹಾಲುಮತದ ಕುರಿಗಾರರಲ್ಲಿ ಒಂದು ಪದ್ಧತಿ ಇದೆ. ಯಾರದಾದರೂ ಹಿಂಡು ರೋಗಕ್ಕೋ ತೋಳಕ್ಕೋ ಹೋದರೆ ಉಳಿದವರು ತಲೆಗೊಂದು ಮರಿ ಕೊಟ್ಟು ಅವನನ್ನು ಮತ್ತೆ ಎಬ್ಬಿಸಿ ನಿಲ್ಲಿಸುತ್ತಾರೆ. ನಾಳೆ ಕೊಟ್ಟವರ ಹಿಂಡು ಹೋದರೆ ಅವನು ಕೊಡುತ್ತಾನೆ. ಕಾಮಣ್ಣ ರೊಕ್ಕವನ್ನೂ ಮರಿಯಂತೆಯೇ ಕೊಟ್ಟ. ಯಾರು ಬಂದು ಬಾಯಿ ತೆರೆದರೂ ಟ್ರಂಕಿನಲ್ಲಿ ಕೈಹಾಕಿ, ನೋಡದೆ, ಬಂದಷ್ಟು ತೆಗೆದು ಕೊಡುವನು. ದೊಡ್ಡಪ್ಪನ ಮಗ ಹುಲೆಪ್ಪ ಹೀಗೇ ಬಂದು ಮೋಟಾರ್‌ಸೈಕಲ್ ಕೊಂಡ. ಬರ್‍ರೆಂದು ಮನೆ ಮುಂದೆ ಎರಡು ಸುತ್ತು ಹಾಕಿ ತೋರಿಸಿದ. ಕಾಮಣ್ಣ ಅದರ ದೀಪವನ್ನು ನೋಡಿ, "ಕಣ್ಣು ಛಲೋ ಅದಾವ" ಅಂದ.

ಮೊದಲು ಟ್ರಂಕಿನ ಮುಚ್ಚಳದ ಮೇಲೆ ಮಗಳು ಉಮಾಶ್ರೀಯನ್ನು ಕೂಡಿಸಿದರೆ ಮಾತ್ರ ಬೀಗ ಬೀಳುತ್ತಿತ್ತು. ಒಂದು ದಿನ ಸಿದ್ದಕ್ಕ ಕೈಹಾಕಿದರೆ ಬೆರಳಿಗೆ ತಗಡಿನ ತಣ್ಣನೆಯ ತಳ ತಾಗಿತು.

ಅಂದು ಮಧ್ಯಾಹ್ನ ಉಂಡು ಕಟ್ಟೆಯ ಮೇಲೆ ಒರಗಿದಾಗ ಅವಳಿಗೆ ಜೊಂಪು ಹತ್ತಿತು. ಕನಸಿನಲ್ಲಿ ಹಿನ್ನೀರಿನೊಳಗಿಂದ ಕುರಿಗಳು ಎದ್ದು ಬರುತ್ತಿದ್ದವು. ಮೈಯೆಲ್ಲ ನೀರು ತೊಟ್ಟಿಕ್ಕುತ್ತಿದೆ, ಗಂಟೆಯ ಸದ್ದಿಲ್ಲ. ಕಾಮಣ್ಣ ಹಟ್ಟಿಯ ಬಾಯಲ್ಲಿ ನಿಂತು ಒಂದೊಂದನ್ನೂ "ನೀ ಯಾರಬೇ? ನೀ ಯಾರಬೇ?" ಎಂದು ಕೇಳುತ್ತಿದ್ದಾನೆ. ಯಾವುದಕ್ಕೂ ಮುಖವಿಲ್ಲ. ಎಲ್ಲಕ್ಕೂ ಒಂದೇ ತರಹದ, ಸವೆದ ನೋಟಿನ ಹಾಗೆ ಮೆತ್ತಗಿನ ಹಣೆ, ಕಣ್ಣಿಲ್ಲ, ಕಿವಿಯಿಲ್ಲ. ಅರ್ಧದಷ್ಟು ಹಟ್ಟಿಯ ಬಾಯಿತನಕ ಬಂದು ಹೊರಳಿ ಮತ್ತೆ ನೀರಿಗೆ ನಡೆದವು. ಯಾವುವು ಹೋದವು ಎಂದು ಕಾಮಣ್ಣನಿಗೆ ತಿಳಿಯದೆ ಅವನು ಅಳತೊಡಗಿದ.

ಸಿದ್ದಕ್ಕ ಎದ್ದಳು. ದೂರದಲ್ಲಿ ಗಾಣದ ಮನೆಯಿಂದ ಬೆಲ್ಲ ಕುದಿಯುವ ವಾಸನೆ ಬರುತ್ತಿತ್ತು. ಕಣ್ಣಿಗೆ ನೀರು ಹಾಕಿಕೊಳ್ಳುವಷ್ಟರಲ್ಲಿ ಅವಳಿಗೆ ಎಲ್ಲ ತಿಳಿದುಹೋಗಿತ್ತು. ರೊಕ್ಕಕ್ಕೆ ಮುಖವಿಲ್ಲ. ಮುಖವಿಲ್ಲದ್ದನ್ನು ಎಣಿಸಲೂ ಇಲ್ಲ ಎಂದರೆ, ಹೋದದ್ದು ಗೊತ್ತಾಗುವುದಾದರೂ ಹೇಗೆ?

ಅವಳು ಟ್ರಂಕನ್ನು ನೆಲಕ್ಕೆ ಬೋರಲು ಹಾಕಿ, ಮೂಲೆಗಳಲ್ಲಿ ಉಳಿದಿದ್ದ ರೊಕ್ಕವನ್ನೆಲ್ಲ ಎಣಿಸಿದಳು. ಹಳೆಯ ಸೀರೆ ಹರಿದು ನಾಲ್ಕು ಬಟ್ಟೆ ಮಾಡಿದಳು. ಮನೆಯಲ್ಲಿ ಉಳಿದಿದ್ದ ಕುರಿಯುಣ್ಣೆಯ ದಾರದಲ್ಲಿ ನಾಲ್ಕು ಗಂಟು ಕಟ್ಟಿದಳು. ಸಂಜೆ ದಂಡೆಯಿಂದ ಮರಳಿದ ಗಂಡನನ್ನು ಎದುರಿಗೆ ಕೂಡಿಸಿಕೊಂಡು, ಹೊಸ ಕೂಸನ್ನು ತೋರಿಸುವವಳಂತೆ ಒಂದೊಂದನ್ನೇ ಅವನ ತೊಡೆಯ ಮೇಲೆ ಇಟ್ಟಳು.

"ಇದು ಕೆಂಚಿ. ಉಮಾನ ಸಾಲಿಗೆ. ಇದು ಕರೆವ್ವ, ನಾಳೆ ಹೊಲ ಹಿಡಿಯಾಕ. ಈ ಸಣ್ಣದು ಮೋಟಿ, ಜಡ್ಡು ಜಾಪತ್ರಿ ಬಂದ್ರ."

ಕಾಮಣ್ಣ ನಾಲ್ಕನೆಯದನ್ನು ನೋಡುತ್ತಿದ್ದ. ಅದಕ್ಕೆ ಅವಳು ಬಿಳಿ ಉಣ್ಣೆಯ ಕುಚ್ಚು ಕಟ್ಟಿದ್ದಳು.

"ಇದು ಚಂದ್ರಿ ಏನು?"

"ಹೌದ್ರಿ. ಇದು ಮತ್ತ ಕುರಿ ಆಗೂದು."

ಅವನು ಆ ಗಂಟನ್ನು ಎತ್ತಿ ಕೆನ್ನೆಗೆ ಒತ್ತಿಕೊಂಡ.

"ಹೆಸರಿಟ್ಟದ್ದು ಕೊಯ್ಯಂಗಿಲ್ಲ," ಅಂದಳು ಸಿದ್ದಕ್ಕ. "ಕೂಲಿ ಬರೂದು ಹಾಲಿದ್ದಂಗ. ನಾವು ಹಾಲು ಕುಡದು ಬದುಕೂನು."

ನೋಡಿ, ದೊಡ್ಡ ದೊಡ್ಡ ಮಾತಿನಲ್ಲಿ ತಿಂಗಳುಗಟ್ಟಲೆ ತಿಳಿಸಿ ಹೇಳಿದ್ದರೂ ಕಾಮಣ್ಣನ ತಲೆಗೆ ಹತ್ತುತ್ತಿರಲಿಲ್ಲ. ಇದು ಹತ್ತಿತು. ಮುಂದಿನ ವಾರ ಹುಲೆಪ್ಪ ಮೋಟಾರ್‌ಸೈಕಲ್ಲಿನ ಟೈರಿಗೆಂದು ಕೈಚಾಚಿಕೊಂಡು ಬಂದಾಗ ಕಾಮಣ್ಣ ತೀರ ಸಂಕಟದಿಂದ, "ಯಾರನ್ನ ಕೊಡ್ಲೋ ತಮ್ಮಾ? ಕೆಂಚಿನ್ನ ಕೊಡ್ಲ್ಯಾ, ಕರೆವ್ವನ್ನ ಕೊಡ್ಲ್ಯಾ?" ಎಂದು ಕೇಳಿದ. ಅಣ್ಣನಿಗೆ ನೀರಿನ ದಂಡೆಯಲ್ಲಿ ಕೂತು ಕೂತು ತಲೆ ಕೆಟ್ಟಿದೆ ಎಂದುಕೊಂಡು ಹುಲೆಪ್ಪ ಚಹಾ ಸಹ ಕುಡಿಯದೆ ಎದ್ದು ಹೋದ. ಹೋಗುವಾಗ ಗಾಡಿ ಶುರುವಾಗಲಿಲ್ಲ, ನೂಕಿಕೊಂಡೇ ಹೋದ.

ಗಂಟುಗಳನ್ನು ಮನೆಯಲ್ಲಿಡುವುದು ಛಲೋದಲ್ಲ ಎಂದು ಹೇಳಿದವಳು ಉಮಾಶ್ರೀ. ಸಾಲಿಯಲ್ಲಿ ಮಾಸ್ತರು ಹೇಳಿದ್ದರಂತೆ. ಸಿದ್ದಕ್ಕ ಮಗಳನ್ನು ಕರೆದುಕೊಂಡು ಬೀಳಗಿಗೆ ಹೋದಳು. ಬ್ಯಾಂಕಿನಲ್ಲಿ ಜಮಖಂಡಿಯ ಹುಡುಗಿ ವೈಶಾಲಿ ಹೊಸದಾಗಿ ಕೆಲಸಕ್ಕೆ ಬಂದಿದ್ದಳು. ಕಿಡಕಿಯ ಕಟ್ಟೆಯ ಮೇಲೆ ಉಣ್ಣೆದಾರದ ಗಂಟುಗಳು ಬಂದು ಕೂತದ್ದನ್ನು ನೋಡಿ ಅವಳಿಗೆ ನಗು ಬಂತು, ಆದರೆ ಕೆಟ್ಟ ನಗುವಲ್ಲ.

"ಎಲ್ಲಾ ಕೂಡಿಸಿ ಒಂದ ಇಡ್ಲೇನ್ರಿ ಅವ್ವಾರ?"

"ಬ್ಯಾಡ್ರಿ ಯವ್ವಾ! ಒಂದ ಹಟ್ಟ್ಯಾಗ ಕೂಡಿದ್ರ ಗುರುತು ಹತ್ತೂದಿಲ್ಲ. ಬ್ಯಾರೆ ಬ್ಯಾರೆ ಇಡ್ರಿ. ಇಲ್ಲಿ ಇವು ಮರಿ ಹಾಕತಾವೇನ್ರಿ?"

ವೈಶಾಲಿ ಸ್ವಲ್ಪ ಯೋಚಿಸಿದಳು. "ಹಾಕತಾವ್ರಿ. ನಿಧಾನಕ್ಕ. ಮರಿನೂ ತಗೀದ ಇಲ್ಲೇ ಬಿಟ್ರ, ಆ ಮರಿನೂ ಮರಿ ಹಾಕತೈತಿ. ಏಳೆಂಟ ವರ್ಷಕ್ಕ ಒಂದ ಇದ್ದದ್ದು ಎರಡ ಆಗತಾವು."

"ತೋಳ?"

"ಇಲ್ಲಿ ತೋಳ ಬರೂದು ಕಡಿಮಿರಿ," ಎಂದು ವೈಶಾಲಿ ಈ ಸಲ ನಿಜವಾಗಿಯೇ ನಕ್ಕಳು. ಠೇವಣಿಯ ರಸೀದಿಗಳ ಮೂಲೆಯಲ್ಲಿ ಪೆನ್ಸಿಲಿನಿಂದ ಕೆಂಚಿ, ಕರೆವ್ವ, ಮೋಟಿ ಎಂದು ಬರೆದೂ ಕೊಟ್ಟಳು.

ಚಂದ್ರಿಯನ್ನು ಮಾತ್ರ ಸಿದ್ದಕ್ಕ ಕೊಡಲಿಲ್ಲ. ಕಿಡಕಿಯತನಕ ಒಯ್ದು, ಬಿಳಿ ಕುಚ್ಚನ್ನು ಸವರಿ, ಮತ್ತೆ ಮಡಿಲಿಗೆ ಹಾಕಿಕೊಂಡು ಬಂದಳು. ಏಳೆಂಟು ವರ್ಷ ಎಂದರೆ ಎಷ್ಟು ದೂರ! ಅಷ್ಟರಲ್ಲಿ ಗಂಡನ ಮೊಳಕಾಲ ಮಟ್ಟ ಬಂದ ನೀರು ಕುತ್ತಿಗೆತನಕ ಬಂದೀತು ಎಂದು ಅವಳಿಗೆ ಹೆದರಿಕೆ. ಜಾಣೆಯರು ತಪ್ಪುವುದು ಹೀಗೆಯೇ, ಬೇಡವಾದ ಕಡೆಯಲ್ಲಿ ಅಲ್ಲ, ಬಹಳ ಬೇಕಾದ ಕಡೆಯಲ್ಲಿ.

ಆ ವರ್ಷ ಎಲ್ಲರ ಬಾಯಲ್ಲೂ ದಾಮದುಪ್ಪಟ್ಟು. ಮಹಾಲಿಂಗಪುರದ ಬಸ್‌ಸ್ಟ್ಯಾಂಡಿನ ಹತ್ತಿರ ಅಂಗಡಿಯ ಮಾಳಿಗೆಯ ಮೇಲೆ ಯಾವುದೋ ಕಂಪನಿಯವರು ಆಫೀಸು ತೆರೆದಿದ್ದರು. ಇಂದು ಇಟ್ಟ ರೊಕ್ಕ ಬರುವ ವರ್ಷ ಇದೇ ದಿನಕ್ಕೆ ಎರಡರಷ್ಟು. ಅವರ ಪರವಾಗಿ ಊರೂರು ತಿರುಗುತ್ತಿದ್ದವನು ಚಿದಾನಂದ. ಇಸ್ತ್ರಿ ಮಾಡಿದ ಅಂಗಿ, ಹಣೆಗೆ ವಿಭೂತಿ, ಬೆಲ್ಲದಂಥ ಮಾತು. ಹಿರಿಯರಿಗೆಲ್ಲ ಕಾಲುಮುಟ್ಟಿ ನಮಸ್ಕಾರ ಮಾಡುವನು.

"ಅಕ್ಕಾರ, ಬ್ಯಾಂಕಿನ್ಯಾಗ ಏಳೆಂಟ ವರ್ಷ ಯಾಕ ಕಾಯ್ತೀರಿ? ಬರೂ ದೀಪಾವಳಿಗೆ ನಿಮ್ಮ ಮನಿ ಮುಂದ ಹಿಂಡು ನಿಂತಿರತೈತಿ ನೋಡ್ರಿ."

ಅವಳ ಮನಸ್ಸಿನಲ್ಲಿದ್ದದ್ದು ಅವನಿಗೆ ಹೇಗೆ ಗೊತ್ತಾಯಿತೋ! ಸಿದ್ದಕ್ಕ ಈ ಮನೆಗೆ ಬಂದಾಗಿನಿಂದ ತಿಳಿದದ್ದನ್ನೆಲ್ಲ ಆ ಒಂದು ಗಳಿಗೆ ಮರೆತಳು. ಯಾವ ಕುರಿಯೂ ತನ್ನಷ್ಟೇ ದೊಡ್ಡ ಕುರಿಯನ್ನು ಒಂದೇ ವರ್ಷದಲ್ಲಿ ಈಯುವುದಿಲ್ಲ. ಮರಿ ಹುಟ್ಟಬೇಕು, ಬದುಕಬೇಕು, ಬೆಳೆಯಬೇಕು. ತೋಳದ ಮಾತನ್ನು ಬ್ಯಾಂಕಿನಲ್ಲಿ ಕೇಳಿದವಳು ಇಲ್ಲಿ ಕೇಳಲಿಲ್ಲ. ಗಂಡನಿಗೂ ಹೇಳಲಿಲ್ಲ, ದೀಪಾವಳಿಯ ದಿನ ಒಮ್ಮೆಲೇ ತೋರಿಸಬೇಕೆಂಬ ಆಸೆ. ಬಿಳಿ ಕುಚ್ಚನ್ನು ಬಿಚ್ಚಿಟ್ಟುಕೊಂಡು ಗಂಟನ್ನು ಚಿದಾನಂದನ ಕೈಗಿಟ್ಟಳು.

ಆಮೇಲಿನ ತಿಂಗಳುಗಳು ಅವಳಿಗೆ ಮಂಜಿನೊಳಗೆ ನಡೆದಂತೆ ಕಳೆದವು. ಕಬ್ಬಿನ ಹೊಲದಲ್ಲಿ ಕಳೆ ತೆಗೆಯುವಾಗ ಸೋಗೆಗಳ ಸರಸರ ಸದ್ದು ಕುರಿಗಳ ನಡಿಗೆಯಂತೆ ಕೇಳುತ್ತಿತ್ತು. ಇಲ್ಲಿ ಹಟ್ಟಿ, ಇಲ್ಲಿ ಮರಿಗಳ ಗೂಡು ಎಂದು ಮನೆಯ ಹಿಂದಿನ ಬಯಲನ್ನು ಮನಸ್ಸಿನಲ್ಲೇ ಅಳೆದಳು. ಸಂಜೆ ಗಂಡ ದಂಡೆಗೆ ಹೊರಟರೆ, ಇರಲಿ ಹೋಗಲಿ, ಇನ್ನು ಕೆಲವೇ ದಿನ, ಎಂದು ಒಳಗೊಳಗೇ ನಗುವಳು.

ದೀಪಾವಳಿಗೆ ಇನ್ನೂ ದಿನವಿರುವಾಗಲೇ ಸುದ್ದಿ ಬಂತು. ಸಿದ್ದಕ್ಕ ಮಹಾಲಿಂಗಪುರಕ್ಕೆ ಓಡಿದಳು. ಮಾಳಿಗೆಯ ಬಾಗಿಲಿಗೆ ಬೀಗ. ಕೆಳಗೆ ಜನ ಕೂಗಾಡುತ್ತಿದ್ದರು, ಒಬ್ಬ ಮುದುಕ ಮೆಟ್ಟಿಲ ಮೇಲೆ ಕೂತು ಸುಮ್ಮನೆ ತನ್ನ ಅಂಗೈ ನೋಡಿಕೊಳ್ಳುತ್ತಿದ್ದ. ಚಿದಾನಂದನೂ ಕಾಣಲಿಲ್ಲ. ಅವನೂ ಹೆಂಡತಿಯ ಬಂಗಾರ ಮಾರಿ ಅದರಲ್ಲಿ ಹಾಕಿದ್ದನೆಂದು ಯಾರೋ ಹೇಳಿದರು. ಬಸ್‌ಸ್ಟ್ಯಾಂಡಿನಲ್ಲಿ ಬೆಲ್ಲದ ಅಚ್ಚುಗಳ ವಾಸನೆ, ಕಂಡಕ್ಟರುಗಳ ಕೂಗು. ಸಿದ್ದಕ್ಕ ಎಷ್ಟೋ ಬಸ್ಸು ಬಿಟ್ಟು ಅಲ್ಲೇ ನಿಂತಿದ್ದಳು. ಲಾರಿಯ ಹಲಗೆ ಹತ್ತದೆ ಕಾಲು ಊರಿ ನಿಂತ ಚಂದ್ರಿ ಅವಳ ಕಣ್ಣ ಮುಂದೆ ಬರುತ್ತಿತ್ತು. ಈ ಸಲ ಲಾರಿಗೆ ಹತ್ತಿಸಿದವಳು ತಾನೇ.

ಮನೆಗೆ ಹೋಗದೆ ಅವಳು ನೇರ ಹಿನ್ನೀರಿನ ದಂಡೆಗೆ ಹೋದಳು. ಕಾಮಣ್ಣ ಅಲ್ಲಿದ್ದ. ಅವನ ಪಕ್ಕ ಕೂತು, ಸೆರಗಿನಿಂದ ಬಿಳಿ ಉಣ್ಣೆಯ ಕುಚ್ಚನ್ನು ತೆಗೆದು ಅವನ ಕೈಯಲ್ಲಿಟ್ಟಳು.

"ಚಂದ್ರಿನ್ನ ಕಳದೇನ್ರಿ," ಅಂದಳು. ಎಲ್ಲವನ್ನೂ ಹೇಳಿದಳು, ಒಂದನ್ನೂ ಮುಚ್ಚಿಡಲಿಲ್ಲ. ಹೇಳುತ್ತ ಹೇಳುತ್ತ ಸಣ್ಣ ಹುಡುಗಿಯಂತೆ ಬಿಕ್ಕಿದಳು.

ಬೈಯುವನೆಂದುಕೊಂಡಿದ್ದಳು. ಅದಕ್ಕಿಂತ ಹೆಚ್ಚಾಗಿ, ಇನ್ನು ಈತ ಪೂರ್ತಿ ಮುಳುಗಿಹೋಗುವನು ಎಂದು ಹೆದರಿದ್ದಳು. ಕಾಮಣ್ಣ ನೀರನ್ನೇ ನೋಡುತ್ತಿದ್ದ. ಆಮೇಲೆ ಹೊರಳಿ ಅವಳ ಮುಖ ನೋಡಿದ. ಹಟ್ಟಿಯ ಬಾಯಲ್ಲಿ ನಿಂತು ಕುರಿಯನ್ನು ನೋಡುತ್ತಿದ್ದ ಹಾಗೆ, ಪೂರಾ ನೋಡಿದ. ನೀರು ಬಂದ ಮೇಲೆ ಅವನು ಹಾಗೆ ಅವಳನ್ನು ನೋಡಿದ್ದು ಅದೇ ಮೊದಲು.

"ತೋಳ ಹಿಡೀತು ಅನ್ಕೋ ಸಿದ್ದಿ," ಅಂದ. "ತೋಳ ಹಿಡದ್ರ ಉಳದ ಹಿಂಡ ಬಿಟ್ಟು ಓಡಿ ಬರ್ತಾರೇನ? ಕೆಂಚಿ ಅದಾಳ?"

"ಅದಾಳ್ರಿ."

"ಕರೆವ್ವ?"

"ಅದಾಳ್ರಿ. ಮೋಟಿನೂ ಐತಿ."

"ಆತು ಮತ್ತ. ಏಳು, ಚಳಿ ಬೀಳಾಕತ್ತೈತಿ." ಅವನು ತನ್ನ ಕಂಬಳಿಯ ಅರ್ಧವನ್ನು ಅವಳಿಗೆ ಹೊದಿಸಿದ. ಇಬ್ಬರೂ ಮನೆಗೆ ನಡೆದರು. ಬಿಳಿ ಕುಚ್ಚು ಅವನ ಮುಷ್ಟಿಯಲ್ಲೇ ಉಳಿಯಿತು.

ಆಶ್ಚರ್ಯವೆಂದರೆ ಅಂದಿನಿಂದ ಕಾಮಣ್ಣ ದಂಡೆಗೆ ಹೋಗುವುದು ಕಡಿಮೆಯಾಯಿತು. ಹೆಂಡತಿ ಎಡವಿದಾಗ ಗಂಡನಿಗೆ ಎಚ್ಚರವಾಯಿತೋ ಏನೋ, ಕುರಿಗಾರನಿಗೆ ತೋಳ ಬಂದ ಮೇಲೆ ನಿದ್ದೆಯಿಲ್ಲ. ಬಾಡಗಂಡಿಯ ಸಕ್ಕರೆ ಕಾರ್ಖಾನೆ ಶುರುವಾದ ಮೇಲೆ ಅಲ್ಲಿ ಕಬ್ಬಿನ ಗಾಡಿಗಳು ನಿಲ್ಲುವ ಬಯಲಿಗೆ ಕಾವಲಿಗೆ ಸೇರಿದ. ಗಾಡಿಗಳ ನಂಬರು ಅವನಿಗೆ ಓದಲು ಬರುತ್ತಿರಲಿಲ್ಲ, ಎತ್ತುಗಳ ಮುಖ ನೋಡಿ ಇದು ಯಾವ ಊರಿನ ಗಾಡಿ, ಯಾರ ಹಿಂದೆ ಯಾರ ಸರದಿ ಎಂದು ಹೇಳುತ್ತಿದ್ದ. ಪಗಾರ ತಂದು ಸಿದ್ದಕ್ಕನ ಕೈಗಿಡುವಾಗ, "ತಗೋ, ಹಾಲು" ಅನ್ನುವನು.

ಸಿದ್ದಕ್ಕ ಹೊಸ ಬಟ್ಟೆ ಹರಿದು ಇನ್ನೊಂದು ಗಂಟು ಕಟ್ಟಿದಳು. ಹೆಸರಿಡಲು ಬಾಯಿ ಬರಲಿಲ್ಲ. ರವಿವಾರಕ್ಕೊಮ್ಮೆ ಬೀರಪ್ಪನಿಗೆ ಭಂಡಾರ ಹಾಕಿದ ಮೇಲೆ, ಆ ವಾರದ ಕೂಲಿಯಲ್ಲಿ ಮೊದಲು ಈ ಗಂಟಿಗೆ ತೆಗೆದಿಟ್ಟು ಆಮೇಲೆ ಸಂತೆಗೆ ಹೋಗುವಳು. ಮೊದಲೆಲ್ಲ ಸಂತೆ ಮುಗಿದು ಉಳಿದದ್ದನ್ನು ಇಡೋಣ ಎನ್ನುತ್ತಿದ್ದಳು. ಸಂತೆ ಎಂದಾದರೂ ಉಳಿಸುತ್ತದೆಯೆ? ಮರಿಗೆ ಬಿಟ್ಟು ಹಾಲು ಕರೆಯಬೇಕು, ಕರೆದು ಮರಿಗೆ ಬಿಟ್ಟರೆ ಮರಿ ಸಾಯುತ್ತದೆ. ಊರ ಹೆಂಗಸರು ಸಂಘ ಕಟ್ಟಿದಾಗ ಅವಳೂ ಸೇರಿದಳು. ತಿಂಗಳು ತುಂಬಿದ ಕೂಡಲೇ ಗಂಟು ಬಿಚ್ಚಿ ಬ್ಯಾಂಕಿಗೆ ಕಟ್ಟಿ ಬರುವಳು, ಈ ಸಲ ಮಡಿಲಿಗೆ ಮರಳಿ ಹಾಕಿಕೊಳ್ಳಲಿಲ್ಲ.

ಸಲೀಸಾಗಿ ನಡೆಯಿತೆಂದು ತಿಳಿಯಬೇಡಿ. ಹೊಟ್ಟೆ ಕಟ್ಟಿದ ವರ್ಷಗಳಿದ್ದವು. ಕಾಮಣ್ಣನಿಗೆ ಕಾಮಾಲೆಯಾಗಿ ಮೋಟಿ ಪೂರ್ತಿ ಕರಗಿತು. ಅದಕ್ಕೇ ಇಟ್ಟದ್ದಲ್ಲವೆ, ಹೋಯಿತು, ಮತ್ತೆ ನಿಧಾನವಾಗಿ ತುಂಬಿತು. ಅಕ್ಕಪಕ್ಕದವರು ಕಬ್ಬಿನ ಬಿಲ್ಲು ಬಂದಾಗ ಟೀವಿ ತಂದರು, ಇವರ ಮನೆಗೆ ಬರಲಿಲ್ಲ. ಉಮಾಶ್ರೀ ಒಮ್ಮೆ ಮುನಿಸಿಕೊಂಡು, "ಬೇ ಯವ್ವಾ, ಕರೆವ್ವನ್ನ ಒಂದೀಟ ಕೊಯ್ದ್ರ ಏನಾಗತೈತಿ?" ಎಂದು ಕೇಳಿದಳು. ಕೇಳಿದ ಮಾತಿನ ಧಾಟಿಗೆ ತಾನೇ ನಕ್ಕುಬಿಟ್ಟಳು. ಕೆಂಚಿಯ ಬೆನ್ನೇರಿಯೇ ಆ ಹುಡುಗಿ ಜಮಖಂಡಿಗೆ ಹೋಗಿ ಕಲಿತು ಕನ್ನಡ ಸಾಲಿಗೆ ಟೀಚರಾದಳು.

ವೈಶಾಲಿ ಹೇಳಿದ್ದ ಏಳೆಂಟು ವರ್ಷ ಬಂದೇ ಬಂದವು. ಕಾದರೂ ಬರುತ್ತವೆ, ಕಾಯದಿದ್ದರೂ ಬರುತ್ತವೆ; ಕಾದವರಿಗೆ ಏನಾದರೂ ಹಿಡಿದುಕೊಂಡು ಬರುತ್ತವೆ. ವೈಶಾಲಿ ಎಂದೋ ಬೇರೆ ಊರಿಗೆ ವರ್ಗವಾಗಿದ್ದಳು, ರಸೀದಿಯ ಮೂಲೆಯ ಪೆನ್ಸಿಲಿನ ಅಕ್ಷರ ಮಾಸಿತ್ತು. ಆದರೆ ಕರೆವ್ವ ಒಂದಿದ್ದದ್ದು ಎರಡಾಗಿದ್ದಳು. ಊರವರೆಲ್ಲ ಕಾಲುವೆಯ ಕೆಳಗಿನ ಕಬ್ಬಿನ ಹೊಲಕ್ಕೆ ಬಾಯಿಬಿಡುತ್ತಿದ್ದಾಗ ಸಿದ್ದಕ್ಕ ಗುಡ್ಡದ ಮೇಲಿನ ಮಡ್ಡಿ ಹೊಲ ನೋಡಿ ಬಂದಳು. ಕಲ್ಲುನೆಲ, ನೀರು ಏರುವುದಿಲ್ಲ, ಹುಲ್ಲು ಕುರುಚಲು ಬಿಟ್ಟರೆ ಏನೂ ಇಲ್ಲ. ಬೆಲೆಯೂ ಇಲ್ಲ. ಕರೆವ್ವನ ರೊಕ್ಕಕ್ಕೆ ಅದನ್ನೇ ಕೊಂಡಳು. ಹುಲೆಪ್ಪ ಬಂದು, "ವೈನಿ, ಕಲ್ಲ ತಿಂತೀರೇನ್ರಿ?" ಎಂದು ನಕ್ಕ. "ನಾವ ತಿನ್ನೂದಿಲ್ಲ ಮೈದುನಾ, ತಿನ್ನೂವು ಬರ್ತಾವ" ಅಂದಳು ಸಿದ್ದಕ್ಕ.

ಹೆಸರಿಲ್ಲದ ಗಂಟಿನ ರೊಕ್ಕಕ್ಕೆ ಕುರಿ ಸಂತೆಯಲ್ಲಿ ದೊಡ್ಡ ಹಿಂಡೇನೂ ಬರಲಿಲ್ಲ, ಒಂದು ಕಂಬಳಿಯ ನೆರಳಿಗೆ ನಿಲ್ಲುವಷ್ಟು ಕುರಿಗಳು. ವ್ಯಾಪಾರಿ ಎಣಿಸಿ ಒಪ್ಪಿಸಲು ಬಂದಾಗ ಕಾಮಣ್ಣ ಮುಖ ತಿರುಗಿಸಿದ. ಸಿದ್ದಕ್ಕ ಮಾತ್ರ ತಿರುಗಿಸಲಿಲ್ಲ, ನೋಟನ್ನು ಎರಡು ಸಲ ಎಣಿಸಿ ಕೊಟ್ಟಳು. ಕುರಿಗೆ ಗಂಡ, ರೊಕ್ಕಕ್ಕೆ ಹೆಂಡತಿ ಎಂದು ಆ ಮನೆಯಲ್ಲಿ ಕೆಲಸ ಹಂಚಿಹೋಗಿತ್ತು. ದಾರಿಯುದ್ದಕ್ಕೂ ಕಾಮಣ್ಣ ಕುರಿಗಳ ಜೊತೆ ಅವುಗಳ ಭಾಷೆಯಲ್ಲಿ ನಾಲಿಗೆ ಲೊಚಗುಟ್ಟುತ್ತ, ಗುಡ್ಡ ಏರಿದ. ಏರುವ ಅವನ ಬೆನ್ನು ನೋಡುತ್ತ ಸಿದ್ದಕ್ಕನಿಗೆ ಕಣ್ಣು ಮಂಜಾಯಿತು. ನೀರು ಇಳಿದಿತ್ತು, ಗಂಡ ಹೊರಗೆ ಬಂದಿದ್ದ.

ಮಳೆಗಾಲ ಕಳೆದು ಮಡ್ಡಿ ಹಸಿರಾಯಿತು. ಅಲ್ಲಿಂದ ನೋಡಿದರೆ ಕೆಳಗೆ ಕಬ್ಬಿನ ಹೂವಿನ ಬೆಳ್ಳನೆಯ ತೆರೆ, ಅದರಾಚೆ ಹಿನ್ನೀರು, ಅದರಾಚೆ ಸಂಜೆ. ಕಾಮಣ್ಣ ಹಟ್ಟಿಯ ಬಾಯಲ್ಲಿ ಕಂಬಳಿ ಹೊದ್ದು ನಿಂತು ಒಂದೊಂದೇ ಮುಖ ನೋಡಿ ಒಳಗೆ ಬಿಡುತ್ತಿದ್ದ. ಸಿದ್ದಕ್ಕ ಬುತ್ತಿ ತಂದಿದ್ದಳು.

"ಎಲ್ಲಾ ಬಂದಾವೇನ್ರಿ?"

ಅವನು ಅರೆಗಳಿಗೆ ಸುಮ್ಮನೆ ನಿಂತ.

"ಚಂದ್ರಿ ಬಂದಿರಲಿಲ್ಲ."

ಸಿದ್ದಕ್ಕ ಬುತ್ತಿಯ ಗಂಟನ್ನು ಕೆಳಗಿಟ್ಟಳು. ಇಷ್ಟು ವರ್ಷ ಆ ಹೆಸರನ್ನು ಅವನು ಎತ್ತಿರಲಿಲ್ಲ. ಅವಳೂ ಎತ್ತಿರಲಿಲ್ಲ. ಮರೆತಿದ್ದಾನೆ, ಇಲ್ಲವೇ ಕ್ಷಮಿಸಿದ್ದಾನೆ ಎಂದುಕೊಂಡಿದ್ದಳು. ತಲೆ ತಗ್ಗಿಸಿ ನಿಂತಳು. ಕಾಮಣ್ಣ ಹತ್ತಿರ ಬಂದು ಕಂಬಳಿಯ ಮಡಿಕೆ ಸರಿಸಿದ. ಒಳಗೆ ಆಗಷ್ಟೇ ಹುಟ್ಟಿದ ಹೆಣ್ಣುಮರಿ, ಇನ್ನೂ ಒದ್ದೆ, ಕಾಲು ನಡುಗುತ್ತಿದ್ದವು. ಹಣೆಯ ಮೇಲೆ ಮಚ್ಚೆಯೇನೂ ಇರಲಿಲ್ಲ. ಕೊರಳಿಗೆ ಮಾತ್ರ, ಬಣ್ಣ ಕಂದಿ ಸವೆದುಹೋದ ಒಂದು ಬಿಳಿ ಉಣ್ಣೆಯ ಕುಚ್ಚು ಕಟ್ಟಿತ್ತು.

"ಈಗ ಬಂದಾಳ," ಅಂದ. ಮರಿಯನ್ನು ಅವಳ ಮಡಿಲಿಗೆ ಹಾಕಿದ. "ಇಕಿ ನೀ ಉಳಿಸಿದ ರೊಕ್ಕದ ಮರಿ. ಇಕಿನ್ನ ನೀ ಎಣಸಬಹುದು. ನಮ್ಮವ್ವ ಇದ್ದಿದ್ರೂ ಬ್ಯಾಡ ಅಂತಿದ್ದಿಲ್ಲ."

ಸಿದ್ದಕ್ಕ, ಹೊಸ ಸೊಸೆಯಾಗಿ ಬಂದಾಗ ಅತ್ತೆ ಮಡಿಸಿದ ಬೆರಳನ್ನು ಬಿಚ್ಚಿ, ಮರಿಯ ಒದ್ದೆ ಹಣೆಯ ಮೇಲೆ ಇಟ್ಟಳು.

"ಲಾಭ," ಎಂದು ಎಣಿಸಿದಳು. ಎರಡು ಎನ್ನಲಿಲ್ಲ. ಮರಿ ಹಾಲಿಗಾಗಿ ಅವಳ ಬೆರಳನ್ನೇ ಚೀಪತೊಡಗಿತ್ತು.